ಕೆಟ್ಟ ಅತಿಥಿ

ಇವತ್ತು ಏನೇ ಆಗಲಿ, ಊಟವನ್ನು ಹಳಿಯಲೇಬೇಕು ಎಂದು ಸಿರ್‌ಖತಿಮ್ ಕಣ್ಣು ಬಿಡುವ ಮೊದಲೇ ನಿಶ್ಚಯಿಸಿದ. ಬರೀ ಉಪ್ಪು ಕಮ್ಮಿ ಎಂದರೆ ಸಾಲದು. ಮುಖ ಕಿವುಚಬೇಕು, ತಟ್ಟೆ ದೂಡಬೇಕು, ಧೈರ್ಯ ಬಂದರೆ ಎದ್ದು ಹೋಗಬೇಕು. ಅವನು ಮಲಗಿದ್ದ ಹಗ್ಗದ ಮಂಚ ಅವನದಲ್ಲ, ಅವದ್‌ಕರೀಮನದು. ಎಂಟು ತಿಂಗಳಿಂದ ಮನೆಯ ಯಜಮಾನ ಅವದ್‌ಕರೀಮ್ ಅಂಗಳದ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದ. ಕೇಳಿದರೆ ಮಂಚ ತನಗೆ ಮೊದಲಿನಿಂದಲೂ ಆಗಿಬರುವುದಿಲ್ಲ, ಬೆನ್ನು ಹಿಡಿಯುತ್ತದೆ ಎನ್ನುತ್ತಿದ್ದ. ಆದರೆ ಮಂಚದ ಹಗ್ಗ ನಡುವೆ ಅವದ್‌ಕರೀಮನ ದೊಡ್ಡ ದೇಹದ ಅಳತೆಗೇ ಜೋತುಬಿದ್ದಿತ್ತು. ಸಣಕಲ ಸಿರ್‌ಖತಿಮ್ ಆ ತಗ್ಗಿನೊಳಗೆ ಉರುಳಿ, ಬೆಳಿಗ್ಗೆ ಏಳುವಾಗ ಎರಡೂ ಕೈಯಿಂದ ಅಂಚು ಹಿಡಿದು ಮೇಲೆ ಹತ್ತಿಬರಬೇಕಾಗುತ್ತಿತ್ತು. ಹತ್ತುವಾಗಲೆಲ್ಲ, ತಾನು ಇನ್ನೊಬ್ಬನ ಸುಳ್ಳಿನ ಮೇಲೆ ಹಾಯಾಗಿ ಮಲಗಿದ್ದೆನಲ್ಲ ಎಂದು ನಾಚಿಕೆಯಾಗುತ್ತಿತ್ತು. ಆಮೇಲೆ ಇನ್ನೊಂದು ನಾಚಿಕೆ: ನಿದ್ದೆ ಮಾತ್ರ ಖಾರ್ತೂಮಿನ ಪಕ್ಕದ ಒಮ್ದುರ್ಮಾನಿನ ಸ್ವಂತ ಮನೆಯಲ್ಲಿ ಬರುತ್ತಿದ್ದುದಕ್ಕಿಂತ ಚೆನ್ನಾಗಿಯೇ ಬರುತ್ತಿತ್ತು.

"ಉಸ್ತಾದ್, ಎದ್ರಾ? ಚಹಾ ಆರುತ್ತೆ," ಎಂದು ಅವದ್‌ಕರೀಮನ ಹೆಂಡತಿ ಬತೂಲ್ ಬಾಗಿಲಾಚೆಯಿಂದ ತಟ್ಟೆ ಸರಿಸಿದಳು. ಹಾಲು ಹಾಕಿದ ಚಹಾ, ಎರಡು ಲೋಟ, ಒಂದು ಅವನಿಗೆ, ಒಂದು ಅವನ ಹೆಂಡತಿ ಇಹ್ಸಾನ್‌ಗೆ. ಸಿರ್‌ಖತಿಮ್ ಲೋಟವನ್ನು ದಿಟ್ಟಿಸಿದ. ಮೂವತ್ತನಾಲ್ಕು ವರ್ಷ ಅವನು ಒಮ್ದುರ್ಮಾನಿನ ಸಂತೆಯಲ್ಲಿ ತಕ್ಕಡಿ-ತೂಕದ ಇನ್ಸ್‌ಪೆಕ್ಟರ್ ಆಗಿದ್ದವನು. ಅಷ್ಟು ವರ್ಷದಲ್ಲಿ ಒಂದೇ ಒಂದು ಅಂಗಡಿಯಲ್ಲಿ ಒಂದೇ ಒಂದು ಲೋಟ ಚಹಾ ಕುಡಿದವನಲ್ಲ. ಮನೆಯಿಂದಲೇ ಫ್ಲಾಸ್ಕ್ ಒಯ್ಯುತ್ತಿದ್ದ. ಬಿಸಿಲು ಸುಡುತ್ತಿದ್ದರೂ ಅಂಗಡಿಯವರ ಹರವಿಯ ನೀರು ಮುಟ್ಟುತ್ತಿರಲಿಲ್ಲ. ಕಡಲೆಕಾಯಿ ಮಾರುವ ಮುದುಕಿಯೊಬ್ಬಳು ಒಮ್ಮೆ, "ಏನಪ್ಪಾ, ನನ್ನ ನಾಕು ಕಾಳು ತಿಂದ್ರೆ ಸರ್ಕಾರ ಬಿದ್ದೋಗುತ್ತಾ?" ಎಂದು ಇಡೀ ಸಾಲು ಕೇಳುವಂತೆ ಕೂಗಿದ್ದಳು. ಅವತ್ತು ಮನೆಗೆ ಬಂದು ಇಹ್ಸಾನ್‌ಗೆ ಹೆಮ್ಮೆಯಿಂದ ಹೇಳಿಕೊಂಡಿದ್ದ. ಇಹ್ಸಾನ್, "ಪಾಪ ತಿನ್ಬೇಕಿತ್ತು ನೀವು," ಎಂದಿದ್ದಳು. ಅಂಥವನು ಈಗ ಎಂಟು ತಿಂಗಳಿಂದ, ದಿನಕ್ಕೆ ಮೂರು ಸಲ, ಗುರುತುಪರಿಚಯವಿಲ್ಲದ ರೈತನ ಮನೆಯ ಚಹಾ ಕುಡಿಯುತ್ತಿದ್ದಾನೆ. ಕುಡಿದ. ಚೆನ್ನಾಗಿತ್ತು. ಅದೂ ಒಂದು ಕಷ್ಟ.

ಇಲ್ಲಿ ಬಂದು ಬಿದ್ದದ್ದಾದರೂ ಹೇಗೆ. ಒಮ್ದುರ್ಮಾನಿನಲ್ಲಿ ಗುಂಡು ಹಾರತೊಡಗಿದ ನಾಲ್ಕನೆಯ ದಿನ, ಉಪವಾಸದ ತಿಂಗಳು ಮುಗಿಯುತ್ತ ಬಂದಿತ್ತು, ಒಂದು ಹಾಸಿಗೆ ಸುರುಳಿ ಮತ್ತು ಒಂದು ಪೆಟ್ಟಿಗೆಯೊಂದಿಗೆ ಬಸ್ಸು ಹತ್ತಿದ್ದರು. ದಾರಿಯಲ್ಲಿ ಏಳು ಕಡೆ ಬಂದೂಕಿನವರು ನಿಲ್ಲಿಸಿದ್ದರು. ಸೂರ್ಯ ಮುಳುಗುವ ಹೊತ್ತಿಗೆ, ಕಾಲುವೆಯ ಪಕ್ಕ, ರಸ್ತೆಗೆ ಅಡ್ಡ ಹಗ್ಗ ಕಟ್ಟಿ ಇಪ್ಪತ್ತು ಗಂಡಸರು ದೊಣ್ಣೆ ಹಿಡಿದು ನಿಂತಿದ್ದರು. ಬಸ್ಸಿನಲ್ಲಿ ಎಲ್ಲರೂ ಸೀಟಿನ ಕೆಳಗೆ ತೂರಿಕೊಂಡರು. ಸಿರ್‌ಖತಿಮನಿಗೆ ಸೀಟಿನ ಕೆಳಗೆ ಜಾಗ ಸಿಗಲಿಲ್ಲ; ಇಹ್ಸಾನ್ ಅವನ ತಲೆಯನ್ನು ಎಳೆದು ತನ್ನ ಮೈಸುತ್ತಿದ ತೋಬಿನ ಸೆರಗಿನೊಳಗೆ ಮುಚ್ಚಿಕೊಂಡು, ಕಲಿಮಾ ಹೇಳತೊಡಗಿದಳು. ಬಸ್ಸಿನ ಬಾಗಿಲು ಬಡಬಡ ಬಡಿದು ತೆರೆಯಿತು. ಆನೆಗಾತ್ರದ ಒಬ್ಬ ಮನುಷ್ಯ ಒಳಗೆ ತಲೆ ತೂರಿಸಿ, "ನನ್ನ ಹೆಂಡ್ತಿಯ ತಲಾಖ್ ಆಣೆ, ಉಪವಾಸ ಬಿಡದೆ ಒಬ್ಬನೂ ಮುಂದೆ ಹೋಗೋಹಾಗಿಲ್ಲ. ಇಳೀರಿ, ಅಂಬಲಿ ಬಿಸಿಯಾಗ್ತಿದೆ," ಎಂದು ಗದರಿದ. ಈ ಗೆಜೀರಾ ಸೀಮೆಯ ಹಳ್ಳಿಗಳಲ್ಲಿ ಉಪವಾಸದ ತಿಂಗಳಲ್ಲಿ ಹೀಗೆ ದಾರಿಹೋಕರನ್ನು ಅಡ್ಡಗಟ್ಟಿ ಉಣ್ಣಿಸುವುದು ಸಿರ್‌ಖತಿಮನಿಗೆ ಗೊತ್ತಿಲ್ಲದ್ದೇನಲ್ಲ. ಹೆದರಿಕೆಯಲ್ಲಿ ಮರೆತಿತ್ತು, ಅಷ್ಟೆ. ಅವನು ಹೆಂಡತಿಯ ಸೆರಗಿನಿಂದ ತಲೆ ಹೊರತೆಗೆದಾಗ ಅವದ್‌ಕರೀಮನ ಮುಖ ಎದುರಿಗೇ ಇತ್ತು. ಅವನು ನಗಲಿಲ್ಲ. ಆ ನಗದಿದ್ದ ಉಪಕಾರವನ್ನು ಸಿರ್‌ಖತಿಮ್ ಇವತ್ತಿಗೂ ಹೊತ್ತುಕೊಂಡಿದ್ದಾನೆ.

ಉಂಡ ಮೇಲೆ ಬಸ್ಸಿನ ಡ್ರೈವರ್ ಮುಂದೆ ಬರಲಾರೆನೆಂದ. ಸಿರ್‌ಖತಿಮ್, ಬೆಳಿಗ್ಗೆ ನಾವು ಹೇಗಾದರೂ ಸಿನ್ನಾರಿಗೆ ಹೋಗುತ್ತೇವೆ, ಅಲ್ಲಿ ಶಾಲೆಯಲ್ಲಿ ಜಾಗ ಕೊಡುತ್ತಾರಂತೆ, ಯಾರಿಗೂ ತೊಂದರೆಯಿಲ್ಲ ಎಂದು ನಾಲ್ಕು ಮರ್ಯಾದೆಯ ಮಾತಾಡಿದ. ಆಡಬಾರದಿತ್ತು. ಅವದ್‌ಕರೀಮ್ ಎದ್ದು ನಿಂತು, ಇಡೀ ಊರ ಮುಂದೆ, "ಶಾಲೆ? ಮನುಷ್ಯರು ಶಾಲೇಲಿ ಮಲಗ್ತಾರಾ? ಯುದ್ಧ ಮುಗಿಯೋ ಮುಂಚೆ ನೀವು ನನ್ನ ಮನೆಯಿಂದ ಹಾಸಿಗೆ ಎತ್ತಿದ್ರೆ ನನ್ನ ಹೆಂಡ್ತಿಗೆ ತಲಾಖ್," ಎಂದುಬಿಟ್ಟ. ಹೆಂಡತಿ ಬತೂಲ್ ಅಲ್ಲೇ ಪಾತ್ರೆ ಎತ್ತುತ್ತಿದ್ದಳು. ಬೆಚ್ಚಲಿಲ್ಲ. "ಮೊನ್ನೆ ಒಂದು ಲೋಟ ಚಹಾದ ಮೇಲೆ ಇಟ್ಟಿದ್ದ ನನ್ನ. ಇವತ್ತು ಇಡೀ ಯುದ್ಧದ ಮೇಲೆ ಇಟ್ಟಿದಾನೆ. ನನ್ನ ಬೆಲೆ ಏರ್ತಾ ಇದೆ ಕಣಮ್ಮಾ," ಎಂದು ಇಹ್ಸಾನ್‌ಗೆ ಹೇಳಿ ನಕ್ಕಳು. ಇಹ್ಸಾನ್ ಕೂಡ ನಕ್ಕಳು. ಎರಡು ವಾರದಲ್ಲಿ ಯುದ್ಧ ಮುಗಿಯುತ್ತದೆ ಎಂದು ಅವತ್ತು ಎಲ್ಲರೂ ತಿಳಿದಿದ್ದರು.

ಹಳಿಯುವ ಉಪಾಯ ಹೊಳೆದದ್ದು ಮೊನ್ನೆ. ಕಾಲು ತೊಳೆಯಲು ಗಿಂಡಿ ಕೇಳೋಣವೆಂದು ಸಿರ್‌ಖತಿಮ್ ಅಡುಗೆಮನೆಯ ಬಾಗಿಲಿಗೆ ಹೋದ. ಅತಿಥಿಗಳ ತಟ್ಟೆ ಹೊರಗೆ ಹೋಗಿ ಆಗಿತ್ತು. ಬತೂಲ್ ತಳದಲ್ಲಿ ಉಳಿದ ಬೆಂಡೆಕಾಯಿ ಸಾರಿಗೆ ಚೊಂಬಿನಿಂದ ನೀರು ಸುರಿಯುತ್ತಿದ್ದಳು, ಮತ್ತೆ ಸುರಿದಳು, ಮತ್ತೆ. ಅವದ್‌ಕರೀಮ್ ಮತ್ತು ಇಬ್ಬರು ಹೆಣ್ಣುಮಕ್ಕಳು ಸುತ್ತ ಕೂತು ಕಾಯುತ್ತಿದ್ದರು. ಅವಳು ಅವನನ್ನು ಕಂಡವಳೇ ಸುಮ್ಮನೆ ಒಂದು ಹೆಜ್ಜೆ ಸರಿದು ಪಾತ್ರೆಗೆ ಅಡ್ಡ ನಿಂತಳು. ಗಿಂಡಿ ಕೊಟ್ಟಳು. ಅವನು ಅಂಗಳಕ್ಕೆ ಬಂದು, ತೊಳೆದ ಕಾಲನ್ನೇ ಮತ್ತೆ ಮತ್ತೆ ತೊಳೆದ. ಹೋಗಬೇಕು, ಇವರ ಹೊಟ್ಟೆಗಾಗಿ ಹೋಗಲೇಬೇಕು. ಹೋದರೆ ಬತೂಲಳ ಮನೆ ಮುರಿಯುತ್ತದೆ. ಅವದ್‌ಕರೀಮನೇ ಬೇಸತ್ತು ಆಣೆಯನ್ನು ಹಿಂದಕ್ಕೆ ಪಡೆಯುವಂತೆ ಮಾಡುವುದೊಂದೇ ದಾರಿ. ಅದಕ್ಕೆ ತಾನು ಕೆಟ್ಟ ಅತಿಥಿಯಾಗಬೇಕು. ಎಷ್ಟು ಕೆಟ್ಟವನೆಂದರೆ, ದಾರಿಯಲ್ಲಿ ಹೋಗುವ ನಾಯಿಗೂ ಉಣ್ಣಿಸುವ ಆ ಮನುಷ್ಯ ಹೊಸ್ತಿಲು ತೋರಿಸಬೇಕು. ಇದೆಲ್ಲ ಇವರ ಹೊಟ್ಟೆಗಾಗಿಯೋ ಅಥವಾ ತನ್ನ ಮುಖ ಉಳಿಸಿಕೊಳ್ಳುವುದಕ್ಕೋ ಎಂದು ಒಳಗೊಂದು ದನಿ ಕೇಳಿತು. ಪೋರ್ಟ್ ಸುಡಾನಿನಲ್ಲಿ ಸ್ವಂತ ಮಗಳು ತಹಾನಿ ಇದ್ದರೂ, ಅಳಿಯನ ಮನೆಯ ಅನ್ನ ಹೇಗೆ ಉಣ್ಣುವುದು ಎಂದು ಅಲ್ಲಿಗೆ ಹೋಗದೆ ಉಳಿದವನು ಅವನು.

ಹತ್ತು ಗಂಟೆಗೆ ಊಟದ ತಟ್ಟೆ ಬಂತು. ಜೋಳದ ಕಿಸ್ರಾ ರೊಟ್ಟಿ, ಬೆಂಡೆಕಾಯಿ ಸಾರು. ಅವದ್‌ಕರೀಮ್ ಎದುರಿಗೆ ಕೂತು, ತಾನು ಆಗಲೇ ತಿಂದೆನೆಂದು ದಿನದ ಸುಳ್ಳು ಹೇಳಿ, ಅತಿಥಿಯ ಕೈಯನ್ನೇ ನೋಡುತ್ತಿದ್ದ. ಸಿರ್‌ಖತಿಮ್ ಒಂದು ತುತ್ತು ಬಾಯಿಗಿಟ್ಟ. ಕಳ್ಳತಕ್ಕಡಿಯ ವ್ಯಾಪಾರಿಗಳ ಮುಂದೆ ಒಮ್ಮೆಯೂ ತಗ್ಗದಿದ್ದ ಅವನ ದನಿ ಈಗ ಕೀರಲಾಗಿ ಹೊರಟಿತು. "ಹಾಜಿ, ಸಾರಿಗೆ ಉಪ್ಪೇ ಇಲ್ಲ."

ಅವದ್‌ಕರೀಮ್ ತಲೆ ಎತ್ತಿದ. "ಏನಂದ್ರಿ?"

"ಉಪ್ಪಿಲ್ಲ. ರೊಟ್ಟಿ ಹುಳಿ. ಬೆಂಡೆಕಾಯಿ ಲೋಳೆಲೋಳೆ. ನಮ್ಮ ಕಡೆ ಇದನ್ನ ಕತ್ತೆಗೂ ಹಾಕಲ್ಲ." ಕತ್ತೆಯ ಮಾತು ಅವನು ಮೊದಲೇ ಯೋಚಿಸಿದ್ದಲ್ಲ. ತಾನಾಗಿಯೇ ಬಂತು. ಪಕ್ಕದಲ್ಲಿ ಹೆಂಗಸರ ಕಡೆಯಿಂದ ಇಹ್ಸಾನ್ ಕೆಮ್ಮಿದ್ದು ಕೇಳಿಸಿತು.

ಅವದ್‌ಕರೀಮನ ಮುಖ ನಿಧಾನವಾಗಿ ಅರಳಿತು. ಕಣ್ಣಲ್ಲಿ ನೀರು ಬಂತು. "ಬತೂಲ್, ಏ ಬತೂಲ್, ಬಾ ಇಲ್ಲಿ. ಉಸ್ತಾದ್‌ಗೆ ಉಪ್ಪು ಕಮ್ಮಿ ಅಂತೆ. ರೊಟ್ಟಿ ಹುಳಿ ಅಂತೆ."

ಬತೂಲ್ ಕೈಯಲ್ಲಿ ಸೌಟು ಹಿಡಿದೇ ಬಂದಳು. "ದೇವ್ರು ದೊಡ್ಡವನು. ಎಂಟು ತಿಂಗ್ಳಿಂದ ಚೆನ್ನಾಗಿದೆ ಚೆನ್ನಾಗಿದೆ ಅಂತ ನನ್ನ ಪ್ರಾಣ ಹಿಂಡಿದ್ರಲ್ಲ ಅಣ್ಣಾ. ನಾನೇ ಇಹ್ಸಾನ್ ಹತ್ರ ಅಂದಿದ್ದೆ, ಈ ಮನುಷ್ಯನಿಗೆ ನಾವಿನ್ನೂ ಪರಕೀಯರು ಅಂತ. ಉಪ್ಪು ಇಲ್ಲ ನಿಜ. ಉಪ್ಪು ಮುಗಿದು ಮೂರು ದಿನ ಆಯ್ತು."

"ನನ್ನ ತಮ್ಮ ಹೀಗೇ ಅಂತಿದ್ದ," ಎಂದು ಅವದ್‌ಕರೀಮ್ ರುಮಾಲಿನ ತುದಿಯಿಂದ ಕಣ್ಣೊರಸಿಕೊಂಡ. "ತೀರಿಹೋಗೋ ಹಿಂದಿನ ದಿನಾನೂ ಬೈದು ಹೋದ. ಇನ್ನೂ ಏನಾದ್ರೂ ಇದ್ರೆ ಹೇಳಿ ಉಸ್ತಾದ್, ಮನಸ್ಸಲ್ಲಿ ಇಟ್ಕೋಬೇಡಿ."

ಸಿರ್‌ಖತಿಮ್ ಕಕ್ಕಾಬಿಕ್ಕಿಯಾದ. ಬಾಯಿಗೆ ಬಂದದ್ದನ್ನೆಲ್ಲ ಹೇಳಿದ. ನಿಮ್ಮ ಗೊರಕೆ ಲಾರಿ ಹಾಗಿದೆ ಎಂದ. ಅಂಗಳವೆಲ್ಲ ಮೇಕೆ ನಾತ ಎಂದ. ನಿಮ್ಮ ಊರಿನ ನೀರು ಕುಡಿದು ಹೊಟ್ಟೆ ಕೆಟ್ಟಿದೆ ಎಂದ. ಒಂದೊಂದು ಮಾತಿಗೂ ಅವದ್‌ಕರೀಮ್ ತೊಡೆ ತಟ್ಟಿಕೊಂಡು, ಗೋಡೆಯಾಚೆಯ ನೆರೆಯವನನ್ನು ಕರೆದು, "ಕೇಳ್ದೇನೋ, ನಮ್ಮ ಉಸ್ತಾದ್ ಇವತ್ತು ಮನೆಯವರಾದ್ರು," ಎಂದು ಸಾರಿದ. ಆಮೇಲೆ ಅವನ ಮುಖ ಗಂಭೀರವಾಯಿತು. ನಮ್ಮವನಾದ ಮೇಲೆ ಉಪ್ಪಿಲ್ಲದ ಸಾರು ಉಣ್ಣಿಸುವುದು ಪಾಪವೆಂದು ಗೊಣಗುತ್ತ ಎದ್ದು, ಚೂರಿ ತೆಗೆದುಕೊಂಡು ಮೇಕೆಯ ಕಡೆಗೆ ನಡೆದ. ಮನೆಯಲ್ಲಿ ಉಳಿದಿದ್ದ ಒಂದೇ ಮೇಕೆ ಅದು. ಬೆಳಗಿನ ಚಹಾಕ್ಕೆ ಹಾಲು ಕೊಡುವುದು ಅದೇ. ಸಿರ್‌ಖತಿಮ್ ಬರಿಗಾಲಲ್ಲಿ ಓಡಿದ. ಮೇಕೆಯ ಕೊರಳನ್ನು ತಬ್ಬಿಕೊಂಡು, "ಬೇಡ ಹಾಜಿ, ಸಾರು ಚೆನ್ನಾಗಿತ್ತು, ತುಂಬಾ ಚೆನ್ನಾಗಿತ್ತು, ನಾನು ತಮಾಷೆಗೆ ಅಂದೆ," ಎಂದು ಅಂಗಲಾಚಿದ. ಮೇಕೆ ಅವನ ಅಂಗಿಯ ತೋಳು ಅಗಿಯತೊಡಗಿತು. ಅವನು ಮತ್ತೆ ಬಂದು ಕೂತು, ಸಾರು ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಾಗಿ, ಎರಡು ತಟ್ಟೆ ಹೆಚ್ಚಿಗೆ ತಿನ್ನಬೇಕಾಯಿತು. ಯಾರ ಪಾಲನ್ನು ತಿಂದೆನೆಂಬುದು ಅವನಿಗೆ ತಿಳಿದೇ ಇತ್ತು.

ಹೊಟ್ಟೆ ಭಾರವಾಗಿ, ಮನಸ್ಸು ಅದಕ್ಕಿಂತ ಭಾರವಾಗಿ, ಅವನು ಊರಿನ ಫಕೀಯ ಬಳಿಗೆ ಹೋದ. ಮಕ್ಕಳಿಗೆ ಓದು ಹೇಳಿಕೊಡುವ, ಮದುವೆ ಮಾಡಿಸುವ, ಹಲ್ಲುನೋವಿಗೆ ಮಂತ್ರಿಸುವ ಫಕೀ ಇದ್ರಿಸ್ ಮಸೀದಿಯ ನೆರಳಿನಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದ. ವಿಷಯ ಕೇಳಿ, ಸೂಜಿಯನ್ನು ಗಡ್ಡಕ್ಕೆ ಚುಚ್ಚಿಕೊಂಡು ಯೋಚಿಸಿದ. "ಸುಲಭ ಇದೆ. ಆಣೆ ಇಡುವಾಗ ಅವದ್‌ಗೆ ನಿಜವಾಗಿ ತಲಾಖ್ ಕೊಡೋ ನಿಯ್ಯತ್ತು, ಒಳಗಿನ ಉದ್ದೇಶ, ಇರ್ಲಿಲ್ಲ, ಬಾಯಿಮಾತಿಗೆ ಅಂದೆ ಅಂತ ಅವನೇ ಒಂದು ಮಾತು ಹೇಳ್ಲಿ. ಆಣೆ ಗಾಳಿಗೆ ಹೋಯ್ತು. ನೀನು ಹಾಸಿಗೆ ಎತ್ತು, ನಡಿ." ಸಿರ್‌ಖತಿಮನಿಗೆ ಅಳುವಷ್ಟು ಸಂತೋಷವಾಯಿತು. ಇಷ್ಟೇನಾ, ಇಷ್ಟಕ್ಕೆ ಮೇಕೆ ತಬ್ಬಿಕೊಂಡೆನಾ ಎನ್ನಿಸಿತು. ಹೇಳಿಕಳಿಸಿದರು. ಅವದ್‌ಕರೀಮ್ ಬಂದ. ಫಕೀ ಕೇಳಿದ: "ಆಣೆ ಇಡುವಾಗ ನಿನ್ನ ಮನಸ್ಸಲ್ಲಿ ಏನಿತ್ತು?"

"ಉಳಿದ ಅಂಬಲಿ ಆರ್ತಾ ಇದೆ ಅಂತ ಇತ್ತು."

"ತಲಾಖ್ ಕೊಡ್ಬೇಕು ಅಂತ ಇತ್ತಾ?"

ಅವದ್‌ಕರೀಮ್ ನೆಲ ನೋಡಿದ. ಹೆಬ್ಬೆರಳಿನಿಂದ ಮಣ್ಣು ಕೆದಕಿದ. "ಫಕೀ, ಮೂವತ್ತು ವರ್ಷದಿಂದ ಆಣೆ ಇಟ್ಟು ಜನರನ್ನ ಕೂರಿಸಿದೀನಿ. ನನ್ನ ಮಾತು ನಿಜ ಅಂತ ನಂಬಿ ಅವರು ಕೂತ್ರು, ಉಂಡ್ರು. ಈಗ ಬಾಯಿಮಾತಿಗೆ ಅಂದೆ ಅಂದ್ರೆ ಅಷ್ಟೂ ಜನ ಸುಳ್ಳನ್ನ ಉಂಡು ಹೋದ ಹಾಗಾಗಲ್ವಾ? ನಿಯ್ಯತ್ತಿತ್ತು. ಇದೆ." ಆಮೇಲೆ ಸಿರ್‌ಖತಿಮನ ಕಡೆ ತಿರುಗಿದ. "ಸಾರು ಅಷ್ಟೊಂದು ಕೆಟ್ಟದಾಗಿತ್ತಾ ಉಸ್ತಾದ್?" ದನಿಯಲ್ಲಿ ನೋವಿತ್ತು. ಸಿರ್‌ಖತಿಮ್ ಫಕೀಯ ಚಪ್ಪಲಿಯನ್ನು ನೋಡುತ್ತ ನಿಂತ. ಒಂದು ಕಾಲದಲ್ಲಿ ಅರ್ಧ ತೊಲೆ ಕಮ್ಮಿ ತೂಗಿದ್ದಕ್ಕೆ ಅವನು ಅಂಗಡಿ ಮುಚ್ಚಿಸಿದ್ದ. ಸುಳ್ಳು ತೂಕ ಸುಳ್ಳೇ ಎಂದು ಆ ವ್ಯಾಪಾರಿಯ ಹೆಂಡತಿಯ ಮುಂದೆ ಹೇಳಿದ್ದ. ಈಗ ಎದುರಿಗೆ ಒಬ್ಬ ಮನುಷ್ಯ ಒಂದು ಮಾತಿನ ತೂಕ ಕಮ್ಮಿ ಮಾಡಲೊಲ್ಲದೆ ನಿಂತಿದ್ದಾನೆ, ಮತ್ತು ತಾನು ಅವನಿಗೆ ಸ್ವಲ್ಪ ಕಮ್ಮಿ ತೂಗಪ್ಪಾ ಎಂದು ಬೇಡುತ್ತಿದ್ದೇನೆ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು, ನಗುವೂ ಬಂತು.

ಅಷ್ಟರಲ್ಲಿ ಕಾಲುವೆಯ ಏರಿ ಮೇಲೆ ಕತ್ತೆಯೊಂದು ನಾಗಾಲೋಟದಲ್ಲಿ ಬಂತು. ಅದರ ಮೇಲೆ ಪಕ್ಕದ ಹಳ್ಳಿಯ ನೀರುಗಂಟಿ. ಪಿಕಪ್‌ಗಳು ಬಂದಿವೆ, ಬಂದೂಕಿನವರು ದೊಡ್ಡ ಸೇತುವೆ ದಾಟಿದ್ದಾರೆ, ನಮ್ಮಲ್ಲಿ ಮನೆಮನೆ ನುಗ್ಗಿ ಗಂಡಸರನ್ನು ಎಳೆದು ಹಾಕುತ್ತಿದ್ದಾರೆ, ಓಡಿ ಎಂದು ಕೂಗಿದ. ಕೂಗಿಕೊಳ್ಳುತ್ತಲೇ ಕತ್ತೆಯಿಂದ ಜಾರಿ ಬಿದ್ದ. ಕತ್ತೆ ಅವನನ್ನು ಬಿಟ್ಟು ಮುಂದೆ ಓಡಿತು. ಫಕೀ ಹೊಲಿಯದ ಚಪ್ಪಲಿಯನ್ನು ಒಂದೇ ಕಾಲಿಗೆ ಹಾಕಿಕೊಂಡು ಎದ್ದ. ಅರ್ಧ ಗಂಟೆಯಲ್ಲಿ ಇಡೀ ಊರು ಹಸಬ್‌ರಸೂಲನ ಹತ್ತಿ ಸಾಗಿಸುವ ಲಾರಿಯ ಸುತ್ತ ನೆರೆದಿತ್ತು. ಬುಡ್ಡಿ, ಬೋಗುಣಿ, ಕೋಳಿ, ಮುದುಕಿಯರು, ಒಂದು ಗೋಡೆ ಗಡಿಯಾರ. ಹಸಬ್‌ರಸೂಲ್ ಹಾರ್ನ್ ಒತ್ತಿ ಹಿಡಿದು, "ಗದಾರಿಫ್‌ಗೆ ಹೋಗೋರು ಹತ್ತಿ, ಮಂಚ ಹತ್ತಿಸೋಹಾಗಿಲ್ಲ, ನಿಮ್ಮಜ್ಜಿ ಹತ್ತಿಸಿ ಮಂಚ ಇಳಿಸಿ," ಎಂದು ಅರಚುತ್ತಿದ್ದ.

ಅವದ್‌ಕರೀಮನ ಮನೆಯಲ್ಲಿ ಮಾತ್ರ ಯಾರೂ ಅಲ್ಲಾಡುತ್ತಿರಲಿಲ್ಲ. ಹೆಣ್ಣುಮಕ್ಕಳಿಬ್ಬರನ್ನು ಬತೂಲ್ ಆಗಲೇ ಲಾರಿಗೆ ಹತ್ತಿಸಿ ಬಂದಿದ್ದಳು. ಬಂದು ಒಲೆಯ ಪಕ್ಕ ಕೂತಿದ್ದಳು. ಅವದ್‌ಕರೀಮ್ ಹೊಸ್ತಿಲ ಮೇಲೆ ಕೂತಿದ್ದ. ಅತಿಥಿಗಳು ಹಾಸಿಗೆ ಎತ್ತಿದರೆ ತಲಾಖ್. ಅತಿಥಿಗಳನ್ನು ಬಿಟ್ಟು ತಾನು ಹೋಗುವುದೆಂಬುದು ಅವನ ತಲೆಗೆ ಬರುವ ಮಾತೇ ಅಲ್ಲ. "ಅಕ್ಕಾ, ಏಳಿ," ಎಂದು ಇಹ್ಸಾನ್ ಬತೂಲಳ ತೋಳು ಹಿಡಿದಳು.

"ಏಳಲ್ಲ ಇಹ್ಸಾನ್. ಮೂವತ್ತು ವರ್ಷ ಈ ಬಾಯಿಬಡಕನ ಜೊತೆ ಬಾಳಿದೀನಿ. ಯಾವನೋ ಪಿಕಪ್ ಓಡಿಸ್ಕೊಂಡು ಬಂದ ಅಂತ ತಲಾಖ್ ತಗೋಳೋದಾ?" ಅವಳ ದನಿ ಗಟ್ಟಿಯಾಗಿತ್ತು. ಹೊರಗೆ, ಬಾಗಿಲ ಎದುರಿಗೇ ಬಂದು ನಿಂತ ಲಾರಿಯ ಹಾರ್ನ್. ದೂರದಲ್ಲಿ, ಯಾರೋ ತಗಡು ಬಡಿದಂತೆ, ಗುಂಡಿನ ಸದ್ದು. ಸಿರ್‌ಖತಿಮ್ ಅಂಗಳದ ನಡುವೆ ನಿಂತು ನಾಲ್ವರನ್ನೂ ನೋಡಿದ, ತನ್ನನ್ನೂ ಸೇರಿಸಿ. ನಾಲ್ಕು ಜನ ಐವತ್ತು ದಾಟಿದವರು ಒಂದು ಆರಿದ ಅಂಬಲಿಗಾಗಿ ಸಾಯಲು ಕೂತಿದ್ದೇವೆ. ಎಂಟು ತಿಂಗಳಿಂದ ಈ ಮನೆಯಿಂದ ಹೊರಬೀಳುವುದಕ್ಕೆ ಹವಣಿಸಿದವನಿಗೆ ಈಗ ಹೊರಡಬೇಕಾದ ಗಳಿಗೆ ಬಂದಾಗ ಕಾಲು ಏಳಲಿಲ್ಲ. ಹೊರಟರೆ ಇಷ್ಟು ದಿನ ಉಂಡ ಮನೆಯನ್ನು ತಾನೇ ಮುರಿದಂತೆ. ಹೊರಡದಿದ್ದರೆ ಮುರಿಯಲು ಮನೆಯೇ ಉಳಿಯುವುದಿಲ್ಲ. ಒಳ್ಳೆಯ ಅತಿಥಿಯಾಗಿ ಇರುವುದೆಂದರೆ ಇವರನ್ನು ಕೊಲ್ಲುವುದು. ಅವನು ಒಳಗೆ ಹೋಗಿ ಹಾಸಿಗೆಯನ್ನು ಸುತ್ತಿದ. ಬೇಗ ಬೇಗ, ವಕ್ರವಾಗಿ ಸುತ್ತಿದ. ತಲೆಯ ಮೇಲಿಟ್ಟುಕೊಂಡು ಹೊಸ್ತಿಲಿಗೆ ಬಂದಾಗ ಅವದ್‌ಕರೀಮ್ ಅಡ್ಡ ಕೂತೇ ಇದ್ದ.

"ಉಸ್ತಾದ್, ಬೇಡ. ನನ್ನ ಮನೆ."

"ಪಕ್ಕಕ್ಕೆ ಸರೀರಿ," ಎಂದ ಸಿರ್‌ಖತಿಮ್. "ನಿಮ್ಮ ಸಾರೂ ಬೇಡ, ನಿಮ್ಮ ಮನೆಯೂ ಬೇಡ." ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಎರಡೂ ಕೈ ಹಾಸಿಗೆ ಹಿಡಿದಿದ್ದರಿಂದ ಒರಸಿಕೊಳ್ಳಲಾಗಲಿಲ್ಲ. ಅವದ್‌ಕರೀಮನ ತೊಡೆಯನ್ನು ದಾಟಿ ಹೊರಗೆ ಕಾಲಿಟ್ಟ. ಹಾಸಿಗೆ ಬಾಗಿಲಿನ ಮೇಲ್ಪಟ್ಟಿಗೆ ಸಿಕ್ಕಿಕೊಂಡಿತು. ಒಂದು ಕ್ಷಣ ಅವನು ಹೊರಗೆ, ಹಾಸಿಗೆ ಒಳಗೆ. ಇಹ್ಸಾನ್ ಹಿಂದಿನಿಂದ ಒಂದು ಗುದ್ದು ಕೊಟ್ಟಳು. ಹಾಸಿಗೆ ಹೊರಗೆ ಬಂತು.

ಲಾರಿಯ ಸುತ್ತ ನಿಂತಿದ್ದವರೆಲ್ಲ ನೋಡುತ್ತಿದ್ದರು. ಬತೂಲ್ ಎದ್ದಳು. "ಆಯ್ತು. ತಲಾಖ್ ಆಯ್ತು. ಎಲ್ಲಾರೂ ನೋಡಿದ್ರಲ್ಲ? ಇನ್ನು ಆ ಹಿಟ್ಟಿನ ಚೀಲ ಎತ್ತಿ ಯಾರಾದ್ರೂ." ಲಾರಿಯ ಮೇಲಿನಿಂದ ಫಕೀ ಇದ್ರಿಸ್, "ಒಂದೇ ತಲಾಖ್ ಕಣಮ್ಮಾ, ಅವನು ಒಂದು ಮಾತು ಹೇಳಿದ್ರೆ ನೀನು ಮತ್ತೆ ಅವನ ಹೆಂಡ್ತಿ, ಚಿಂತೆ ಬೇಡ," ಎಂದು ಕೂಗಿದ. "ಇವತ್ತು ಆ ಬಾಯಿಂದ ಇನ್ನೊಂದು ಮಾತು ಬರಲಿ ನೋಡೋಣ," ಎಂದು ಬತೂಲ್ ಮೇಕೆಯನ್ನು ಎಳೆದುಕೊಂಡು ನಡೆದಳು. ಯಾರೋ ನಕ್ಕರು. ಆ ಗಡಿಬಿಡಿಯಲ್ಲೂ ನಕ್ಕರು. ಹೆಂಗಸರು ಹತ್ತಿದರು, ಮೇಕೆ ಹತ್ತಿತು, ಹಾಸಿಗೆಯೊಂದಿಗೆ ಸಿರ್‌ಖತಿಮ್ ಹತ್ತಲು ಕಾಲೆತ್ತಿದ. ತಿರುಗಿ ನೋಡಿದರೆ ಅವದ್‌ಕರೀಮ್ ಹೊಸ್ತಿಲಿನಲ್ಲೇ ಇದ್ದ.

"ಹಾಜಿ, ಬನ್ನಿ."

"ನೀವು ಹೋಗಿ. ನಾನಿರ್ತೀನಿ," ಎಂದ ಅವದ್‌ಕರೀಮ್ ಶಾಂತವಾಗಿ. "ಖಾರ್ತೂಮ್ ಕಡೆಯಿಂದ ಇನ್ನೂ ಜನ ಬರ್ತಾನೇ ಇರ್ತಾರೆ. ಯಾರೂ ಇಲ್ದೆ ಇದ್ರೆ ಅವರಿಗೆ ನೀರು ಕೊಡೋರ್ಯಾರು?"

"ಪಿಕಪ್‌ನವರು ಬರ್ತಿದಾರೆ ಹಾಜಿ."

"ಅವರೂ ಬೆಳಿಗ್ಗೆಯಿಂದ ಏನೂ ತಿಂದಿರಲ್ಲ."

ಇದು ತಮಾಷೆಯಲ್ಲ ಎಂದು ಸಿರ್‌ಖತಿಮನಿಗೆ ಗೊತ್ತಾಯಿತು. ಈ ಮನುಷ್ಯ ನಿಜವಾಗಿಯೂ ಆ ಹೊಸ್ತಿಲಿನಲ್ಲಿ ಕೂತಿರುತ್ತಾನೆ, ಬಂದೂಕು ಹಿಡಿದು ಬಂದವರಿಗೂ ಕೂತ್ಕೊಳ್ಳಿ ಎನ್ನುತ್ತಾನೆ, ಆಮೇಲೆ ಆಗುವುದು ಆಗುತ್ತದೆ. ಅವನು ಬತೂಲಳ ಕಡೆ ನೋಡಿದ. ಅವಳು ಲಾರಿಯ ಹಲಗೆ ಹಿಡಿದು ನಿಂತಿದ್ದಳು. ಹತ್ತು ನಿಮಿಷದ ಹಿಂದೆ ಆಗಿದ್ದರೆ ಕಿವಿ ಹಿಡಿದು ಎಳೆದು ತರುತ್ತಿದ್ದಳು. "ನನ್ನ ನೋಡ್ಬೇಡಿ ಅಣ್ಣಾ. ಈಗ ನಾನು ಅವನಿಗೆ ಯಾರು? ಏನಂತ ಹೇಳ್ಲಿ ನಾನು?" ಎಂದು, ಸೆರಗು ಬಾಯಿಗೆ ತುರುಕಿಕೊಂಡು ಅಳತೊಡಗಿದಳು. ಗುಂಡಿನ ಸದ್ದು ಹತ್ತಿರ ಬಂದಿತ್ತು. ಹಸಬ್‌ರಸೂಲ್ ಗೇರ್ ಹಾಕಿದ. ಊರವರು ಬೈದರು, ಬೇಡಿಕೊಂಡರು, ಇಬ್ಬರು ಹೋಗಿ ಎತ್ತಲು ನೋಡಿದರು. ಅವದ್‌ಕರೀಮನನ್ನು ಎತ್ತಲು ಆರು ಜನ ಬೇಕು. ಸಿರ್‌ಖತಿಮ್ ಹಾಸಿಗೆ ಎಸೆದು ಮನೆಯ ಕಡೆಗೆ ನಡೆದ. ಏನು ಹೇಳಬೇಕೆಂದು ಅವನಿಗೆ ತಿಳಿದಿರಲಿಲ್ಲ. ಐವತ್ತೆಂಟು ವರ್ಷದಲ್ಲಿ ಅವನು ಒಂದು ಆಣೆ ಇಟ್ಟವನಲ್ಲ; ಆಣೆ ಇಡುವ ವ್ಯಾಪಾರಿಯ ತಕ್ಕಡಿಯನ್ನು ಎರಡು ಸಲ ತೂಗಿ ನೋಡುತ್ತಿದ್ದವನು.

"ಅವದ್‌ಕರೀಮ್," ಎಂದ. ಹಾಜಿ ಎನ್ನಲಿಲ್ಲ. "ನೀನು ಈಗ ಎದ್ದು ಲಾರಿ ಹತ್ತದೆ ಇದ್ರೆ, ನನ್ನ ಹೆಂಡ್ತಿ ಇಹ್ಸಾನ್‌ಗೆ ತಲಾಖ್."

ಅವದ್‌ಕರೀಮ್ ಬಾಯಿ ತೆರೆದ. ಯಾರೋ ಅವನ ಕೆನ್ನೆಗೆ ಹೊಡೆದ ಹಾಗಿತ್ತು ಮುಖ. ಇಷ್ಟು ವರ್ಷ ಬೇರೆಯವರ ಮೇಲೆ ಎಸೆದದ್ದು ತನ್ನ ಮೇಲೆ ಬಂದು ಬಿದ್ದರೆ ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ. "ನಿಯ್ಯತ್ತಿದೆಯಾ?" ಎಂದು ಫಕೀ ಲಾರಿಯಿಂದ ಕೂಗಿದ, ಅಭ್ಯಾಸಬಲದಿಂದ. "ಇದೆ," ಎಂದ ಸಿರ್‌ಖತಿಮ್. ಅನ್ನುವಾಗ ಒಳಗೆ ಹುಡುಕಿ ನೋಡಿದ. ಇತ್ತು.

ಅವದ್‌ಕರೀಮ್ ಲಾರಿಯ ಕಡೆ ನೋಡಿದ. "ಇಹ್ಸಾನ್ ತಂಗಿ, ಇವ್ರು ಸುಮ್ನೆ ಅಂದಿದ್ದಲ್ವಾ?"

ಇಹ್ಸಾನ್ ಸ್ವಲ್ಪ ಹೊತ್ತು ಗಂಡನನ್ನೇ ನೋಡಿದಳು. "ಇವರು ಯಾವತ್ತೂ ಏನನ್ನೂ ಸುಮ್ನೆ ಅಂದವರಲ್ಲ ಹಾಜಿ," ಎಂದಳು. "ನನ್ನ ಮನೆ ಮುರಿಬೇಡಿ. ಹತ್ತಿ."

ಅವದ್‌ಕರೀಮ್ ಎದ್ದ. "ಇದು ಅನ್ಯಾಯ," ಎನ್ನುತ್ತ ಎದ್ದ. "ಮನೆಗೆ ಬಂದೋರು ಹೀಗಾ ಮಾಡೋದು. ಕೆಟ್ಟ ಮನುಷ್ಯ ಕಣ್ರೀ ನೀವು." ಬಾಗಿಲು ಹಾಕಲಿಲ್ಲ, ಹಾಕಲು ಅದಕ್ಕೆ ಚಿಲಕವೇ ಇರಲಿಲ್ಲ. ಬೈಯುತ್ತಲೇ ಬಂದು, ನಾಲ್ಕು ಜನ ಕೈಕೊಟ್ಟು ಎಳೆದ ಮೇಲೆ ಹತ್ತಿದ. ಲಾರಿ ಒಮ್ಮೆ ಬಾಗಿ, ನೆಟ್ಟಗಾಗಿ, ಕಾಲುವೆಯ ಏರಿ ಹಿಡಿದು ಓಡಿತು.

ಬತೂಲ್ ಮುಂದಿನ ತುದಿಯಲ್ಲಿ, ಅವದ್‌ಕರೀಮ್ ಹಿಂದಿನ ತುದಿಯಲ್ಲಿ. ನಡುವೆ ಊರು. ಮೈಲಿ ದಾಟಿದ ಮೇಲೆ ಅವಳು ಯಾರನ್ನೂ ನೋಡದೆ, "ಆ ಹಿಂದೆ ಕೂತಿರೋ ಮನುಷ್ಯ ಕಾಲು ಒಳಗೆ ಎಳ್ಕೊಳ್ಳೋಕೆ ಹೇಳಿ, ಬೀಳ್ತಾನೆ," ಎಂದಳು. ಮಾತು ಒಬ್ಬರಿಂದ ಒಬ್ಬರಿಗೆ ದಾಟಿ ಹಿಂದೆ ಹೋಯಿತು. ಅವದ್‌ಕರೀಮ್ ಕಾಲು ಎಳೆದುಕೊಂಡ. ಅವನ ಬೆನ್ನಾಚೆ, ಊರಿದ್ದ ಕಡೆ, ಹೊಗೆ ಎದ್ದಿತ್ತು.

ಸಿರ್‌ಖತಿಮ್ ಹೆಂಡತಿಯ ಪಕ್ಕ ತೂರಿಕೊಂಡು ಕೂತಿದ್ದ. ಧೂಳಿನಲ್ಲಿ ಅವಳ ರೆಪ್ಪೆ ಬೆಳ್ಳಗಾಗಿತ್ತು. ಅವಳು ಅದನ್ನು ಸೆರಗಿನಿಂದ ಒರಸಿಕೊಂಡಳು. ಆಮೇಲೆ, ಅವನಿಗೆ ಮಾತ್ರ ಕೇಳುವಂತೆ, "ಅವರು ಏಳದೇ ಇದ್ದಿದ್ರೆ, ನಂಗೆ ತಲಾಖೇನಾ?" ಎಂದಳು.

ಅವನು ಏನಾದರೂ ಸುಳ್ಳು ಹೇಳಬಹುದಿತ್ತು. ಎಂಟು ತಿಂಗಳಲ್ಲಿ ಎಷ್ಟೊಂದು ಒಳ್ಳೆಯ ಸುಳ್ಳುಗಳನ್ನು ಕೇಳಿ ಕಲಿತಿದ್ದ. "ಹೂಂ," ಎಂದ.

ಇಹ್ಸಾನ್ ಹಿಂದಿನ ತುದಿಗೆ ಕಣ್ಣು ಹಾಯಿಸಿದಳು. ಅಲ್ಲಿ ಅವದ್‌ಕರೀಮ್ ಯಾರದೋ ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡು, ಪಕ್ಕದ ಮುದುಕಿಗೆ ಜಾಗ ಬಿಡಲು ತನ್ನ ದೊಡ್ಡ ದೇಹವನ್ನು ಹೇಗೋ ಹಿಡಿಮಾಡಿಕೊಂಡು, ಉಸಿರಾಡುತ್ತ ಕೂತಿದ್ದ. ಅವಳು ಅವನನ್ನು ನೋಡಿದಳು, ನೋಡಿದಳು. "ಗದಾರಿಫ್ ಬರೋವರೆಗೂ ನನ್ನ ಜೊತೆ ಮಾತಾಡ್ಬೇಡಿ," ಎಂದಳು ಗಂಡನಿಗೆ. ಆಮೇಲೆ ಲಾರಿ ಹಳ್ಳಕ್ಕೆ ಬಿದ್ದು ಎಲ್ಲರೂ ಒಬ್ಬರ ಮೇಲೊಬ್ಬರು ವಾಲಿದಾಗ, ಅವನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು, ದಾರಿ ಸಮನಾದ ಮೇಲೂ ಬಿಡಲಿಲ್ಲ.